ಮಗಳಿಗೊಂದು ಪತ್ರ: ಅಳಿಸಿದ ಬ್ರಾಕೆಟ್

ಪುಟ್ಟೀ,

ಬೆಳಿಗ್ಗೆ ಒಂದು ಮಾತೂ ಆಡ್ದೆ ಬ್ಯಾಗ್ ಹಾಕ್ಕೊಂಡು ಹೊರಟುಹೋದೆ. ರಫ್ ಬುಕ್ ಇಲ್ಲೇ ಬಿಟ್ಟಿದೀಯ, ಅದ್ರಲ್ಲೇ ಬರೀತಿದೀನಿ. ರಾತ್ರಿ ನಾನು ಕೂಗಾಡಿದ್ದು ಇಬ್ರಿಗೂ ನೆನಪಿದೆ, ಅದು ಬೇಡ.

ನೀನು ಮಲಗಿದ್ಮೇಲೆ ಆ ಲೆಕ್ಕ ಮತ್ತೆ ಮಾಡ್ದೆ ಕಣೇ. ಅಮ್ಮನ ವಯಸ್ಸು ಮಗಳ ವಯಸ್ಸಿನ 3 ಪಟ್ಟು, 7 ವರ್ಷದ ಹಿಂದೆ 5 ಪಟ್ಟು ಇತ್ತು. ಎಕ್ಸ್ ವೈ ಬೋರು ಅಂತ ನೀನು ಅ, ಮ ಅಂತ ಇಟ್ಕೊಂಡಿದ್ಯಲ್ಲ, ಸೋ ಅ = 3ಮ. ಎರಡನೇದನ್ನ ನಾನು ಹಠ ಹಿಡಿದ ಹಾಗೇ ಅ − 7 = 5ಮ − 7 ಅಂತ ಬರ್ದು, ಅ ಜಾಗಕ್ಕೆ 3ಮ ಹಾಕ್ದೆ. 3ಮ − 7 = 5ಮ − 7. ಎರಡೂ ಕಡೆ 7 ಹೊಡೆದುಹೋಯ್ತು, ಮಗಳ ವಯಸ್ಸು ಸೊನ್ನೆ! ಅಮ್ಮಂದೂ ಸೊನ್ನೆ. ಇಷ್ಟಕ್ಕೆ ಅಷ್ಟು ಕೂಗಿದ್ದು ನಾನು.

7 ವರ್ಷದ ಹಿಂದೆ ಮಗಳೂ 7 ವರ್ಷ ಚಿಕ್ಕೋಳಲ್ವಾ, ಆ ಚಿಕ್ಕೋಳ ವಯಸ್ಸಿನ 5 ಪಟ್ಟು, ಅಂದ್ರೆ 5(ಮ − 7). ಆಗ 3ಮ − 7 = 5ಮ − 35, 2ಮ = 28, ಮಗಳಿಗೆ 14, ಅಮ್ಮನಿಗೆ 42. ಆವಾಗ 7, 35. ಸರಿಹೋಯ್ತು.

ನೀನು ಮೊದ್ಲು ಇದನ್ನೇ ಬರ್ದಿದ್ದೆ. ಪೇಜನ್ನ ಲೈಟಿಗೆ ಓರೆ ಹಿಡಿದು ನೋಡ್ದೆ, ಬ್ರಾಕೆಟ್ಟಿನ ಗುರುತು ಇನ್ನೂ ಇದೆ, ಉಜ್ಜಿ ಉಜ್ಜಿ ಅಲ್ಲಿ ಪೇಪರ್ ತೆಳ್ಳಗಾಗಿದೆ. ನಾನು ಎಡವಿದ ಕಡೆ ನೀನು ಎಡವಿರ್ಲಿಲ್ಲ ಅಂತ ಒಂದ್ ಕ್ಷಣ ಖುಷಿಯಾಯ್ತು, ಆಮೇಲೆ ನಿದ್ದೆನೇ ಬರ್ಲಿಲ್ಲ. ತಪ್ಪಾಗಿದ್ರೆ ಅಳಿಸ್ಲಿ ಬಿಡು, ಸರಿ ಇದ್ದಿದ್ದನ್ನ ನನ್ನ ದನಿಗೆ ಹೆದರಿ ಅಳಿಸಿದ್ಯಲ್ಲೇ. ನಾಳೆ ಇನ್ಯಾರೋ ಜೋರಾಗಿ ಮಾತಾಡಿದ್ರೂ ಹೀಗೇ ಅಳಿಸ್ತೀಯಾ? ಅದೇ ತಲೇಲಿ ಸುತ್ತುತ್ತಾ ಇದೆ.

ಕೇಳು, ಆದೇಶ ವಿಧಾನದಲ್ಲಿ, ಅಂದ್ರೆ ಒಂದು ಅಕ್ಷರದ ಜಾಗಕ್ಕೆ ಅದಕ್ಕೆ ಸಮ ಇರೋದನ್ನ ಹಾಕೋ ಈ ರೀತೀಲಿ, ಒಂಟಿಯಾಗಿ ಸಿಗೋ ಅಕ್ಷರನ ಮೊದ್ಲು ಹಿಡಿ, ಬದಲಿಗೆ ಹಾಕೋದು ಮ − 7 ಥರ ಎರಡು ಪದದ್ದಾದ್ರೆ ಬ್ರಾಕೆಟ್ ಸಮೇತ ಹಾಕು, ಉತ್ತರ ಬಂದ್ಮೇಲೆ ತಾಳೆ ನೋಡೋದು ಸಮೀಕರಣಕ್ಕಲ್ಲ, ಪ್ರಶ್ನೆಯ ವಾಕ್ಯಕ್ಕೆ. ನನ್ನ ತಪ್ಪು ಸಮೀಕರಣಕ್ಕೆ ಸೊನ್ನೆನೂ ಸರಿಯಾಗೇ ಕೂರ್ತಿತ್ತು, ಎರಡೂ ಕಡೆ ಮೈನಸ್ 7! ಅಯ್ಯೋ, ಸಾರಿ ಕೇಳಕ್ಕೆ ಕೂತೋಳು ಪಾಠ ಮಾಡ್ತಿದೀನಿ.

ಸಾರಿ ಪುಟ್ಟಿ. ಆ ಪೇಜ್ ಹರೀಬೇಡ. ಬ್ರಾಕೆಟ್ ನಾನು ತಿದ್ದಿಲ್ಲ, ನೀನೇ ಬರಿ, ಈ ಸಲ ಪೆನ್ನಲ್ಲಿ.

ಅಮ್ಮ