ಡೆಟ್ರಾಯ್ಟ್ ರೆಕಾರ್ಡುಗಳು ಇನ್ನು ಮುಂದೆ ಬರುವ ದಾರಿ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಅನ್ನುವ ಲೇಬಲ್ಲಿನ (ಎಲೆಕ್ಟ್ರಾನಿಕ್ ಕುಣಿತದ ಸಂಗೀತ, ಅಂದರೆ ಟೆಕ್ನೋ ಹೊರತರುವ ಕಂಪನಿಯ) ರೆಕಾರ್ಡುಗಳನ್ನು ಮುಂದಿನ ತಿಂಗಳಿನಿಂದ ನಾವು ಮಧ್ಯವರ್ತಿಗಳ ಹತ್ತಿರ ಕೊಳ್ಳುವುದಿಲ್ಲ. ಅಮೆರಿಕದ ಡೆಟ್ರಾಯ್ಟಿನಲ್ಲಿರುವ ಅವರದೇ ವಿತರಣಾ ಸಂಸ್ಥೆ ಸಬ್‌ಮರ್ಜ್‌ನಿಂದ ನೇರವಾಗಿ ತರಿಸುತ್ತೇವೆ. ಬೆಲೆ ಸ್ವಲ್ಪ ಏರುತ್ತದೆ. ಕಾಯುವುದಂತೂ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಪಾರ್ಸೆಲ್ಲು ಇನ್ನು ಮೂರು ತಿಂಗಳಿಗೊಮ್ಮೆ ಬರುತ್ತದೆ.

ಹೋದ ಮಳೆಗಾಲದಲ್ಲಿ ಮೈಸೂರಿನಿಂದ ಒಬ್ಬ ಗ್ರಾಹಕರು ಬೆಂಗಳೂರಿನ ನಮ್ಮ ಅಂಗಡಿಗೆ ಬಂದರು. ನಮ್ಮಲ್ಲೇ ಕೊಂಡಿದ್ದ 12 ಇಂಚಿನ ರೆಕಾರ್ಡನ್ನು ಮೇಜಿನ ಮೇಲಿಟ್ಟು, 'ಬೇಸ್ ಯಾಕೋ ಸಪ್ಪೆ ಅನ್ನಿಸ್ತಿದೆ, ನೋಡಿ' ಅಂದರು. ಫೋನಿನ ಟಾರ್ಚ್ ಹಾಕಿ ರೆಕಾರ್ಡನ್ನು ಓರೆ ಮಾಡಿ ಹಿಡಿದೆವು. ಸಂಗೀತದ ಗೆರೆಗಳು ಮುಗಿದ ಮೇಲೆ, ನಡುವಿನ ಕಾಗದಕ್ಕಿಂತ ಮುಂಚೆ, ಬೆರಳಗಲದ ನುಣುಪಾದ ಪಟ್ಟಿ ಇರುತ್ತದಲ್ವಾ? ಈ ಲೇಬಲ್ಲಿನವರು ಅಲ್ಲಿ ಸೂಜಿಯಲ್ಲಿ ಕೈಯಾರೆ ಗೀಚಿ ಕೇಳುಗರಿಗೆ ಮಾತು ಬರೆಯುತ್ತಾರೆ. ಈ ರೆಕಾರ್ಡಿನಲ್ಲಿ ಯಂತ್ರ ಒತ್ತಿದ ಒಂದು ನಂಬರು ಬಿಟ್ಟರೆ ಏನೂ ಇರಲಿಲ್ಲ. ನಮ್ಮಲ್ಲಿದ್ದ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದೆವು. ಅದರಲ್ಲಿ ಗೀಚಿದ ಅಕ್ಷರಗಳು ಎದ್ದು ಕಾಣುತ್ತಿದ್ದವು. ಮಧ್ಯವರ್ತಿಯೊಬ್ಬರು ಅಸಲಿ ಅಂತ ನಮಗೆ ಕೊಟ್ಟಿದ್ದು ನಕಲಿ. ನಾವು ಅದನ್ನು ಪರೀಕ್ಷೆ ಮಾಡದೆ ನಿಮಗೆ ಮಾರಿದ್ದೆವು. ತಪ್ಪು ನಮ್ಮದು. ಕ್ಷಮಿಸಿ.

ಯಾವ ರೆಕಾರ್ಡಿನ ನಕಲು ಮಾರಿದರೂ ಅದು ತಪ್ಪೇ. ಆದರೆ ಈ ಲೇಬಲ್ಲಿನ ನಕಲು ಮಾರಿದ್ದು ನಮ್ಮನ್ನು ಜಾಸ್ತಿ ಚುಚ್ಚಿತು. ಯಾಕೆ ಅಂತ ತಿಳಿಯಲು ಅವರ ಕಥೆ ಸ್ವಲ್ಪ ಹೇಳಬೇಕು.

ಡೆಟ್ರಾಯ್ಟ್ ಕಾರು ಮಾಡುವ ಊರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಜನ ಊರು ಬಿಟ್ಟರು. ಊರಿನ ಹೆಮ್ಮೆಯಾಗಿದ್ದ ಮೋಟೌನ್ ಸಂಗೀತ ಕಂಪನಿಯೂ 1972ರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಅದೇ ಊರಿನಲ್ಲಿ ಕಪ್ಪು ಹುಡುಗರು ಸಿಂಥಸೈಸರ್, ಡ್ರಮ್ ಮಷೀನ್ ಇಟ್ಟುಕೊಂಡು ಟೆಕ್ನೋ ಹುಟ್ಟಿಸಿದರು. 1980ರ ದಶಕದ ಕೊನೆಗೆ ಯುರೋಪು ಅದಕ್ಕೆ ಕುಣಿಯುತ್ತಿತ್ತು. ಆದರೆ ಆ ಸಂಗೀತದ ಹಣ, ಹೆಸರು, ಹಕ್ಕು ಊರಿನಲ್ಲಿ ಉಳಿಯುವಂತೆ ನೋಡಿಕೊಳ್ಳುವವರು ಬೇಕಿತ್ತು. ಬೇಸ್ ಗಿಟಾರ್ ನುಡಿಸುತ್ತಿದ್ದ ಮೈಕ್ ಬ್ಯಾಂಕ್ಸ್ ಮತ್ತು ರೇಡಿಯೋದಲ್ಲಿ 'ದಿ ವಿಝರ್ಡ್' ಅಂತ ಹೆಸರು ಮಾಡಿದ್ದ ಜೆಫ್ ಮಿಲ್ಸ್ ಸೇರಿ ಈ ಲೇಬಲ್ ಕಟ್ಟಿದರು. ಬೇಗನೆ ಸಂಗೀತಗಾರ ರಾಬರ್ಟ್ ಹುಡ್ ಜೊತೆಯಾದರು. 1990ರಲ್ಲಿ ಮೊದಲ ರೆಕಾರ್ಡು ಬಂತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರು. ನೋಡಬೇಕಾದ್ದು ನಮ್ಮ ಮುಖ ಅಲ್ಲ, ಕೇಳಬೇಕಾದ್ದು ಸಂಗೀತ ಅನ್ನುವುದು ಅವರ ನಿಲುವು. ಮಿಲ್ಸ್ ಮತ್ತು ಹುಡ್ 1992ರ ಹೊತ್ತಿಗೆ ತಮ್ಮ ದಾರಿ ಹಿಡಿದು ಹೋದರು. ಬ್ಯಾಂಕ್ಸ್ ಊರಿನಲ್ಲೇ ನಿಂತರು.

ನಮಗೆ ಮುಖ್ಯ ಅನ್ನಿಸುವುದು ಅದೇ 1992ರಲ್ಲಿ ಶುರುವಾದ ಸಬ್‌ಮರ್ಜ್. ಒಳ್ಳೆ ಸಂಗೀತ ಮಾಡಿದರೆ ಸಾಲದು, ಅದನ್ನು ಪೆಟ್ಟಿಗೆಗೆ ತುಂಬಿ ಕಳಿಸುವ ಕೆಲಸವೂ ನಮ್ಮ ಕೈಯಲ್ಲೇ ಇರಬೇಕು ಅಂತ ಅವರು ಕಂಡುಕೊಂಡಿದ್ದರು. ತಮ್ಮದಷ್ಟೇ ಅಲ್ಲ, ಊರಿನ ಇತರ ಪುಟ್ಟ ಲೇಬಲ್ಲುಗಳ ರೆಕಾರ್ಡುಗಳನ್ನೂ ಅವರು ಹಂಚಿದರು. ಈಗ ಅವರಿರುವ 3000 ಈಸ್ಟ್ ಗ್ರ್ಯಾಂಡ್ ಬುಲವಾರ್ಡ್ ಕಟ್ಟಡ ಒಂದು ಕಾಲದಲ್ಲಿ ಲಾಂಡ್ರಿ ಕೆಲಸಗಾರರ ಯೂನಿಯನ್ನಿನದು. ಒಳಗೆ ಟೆಕ್ನೋದ ಪುಟ್ಟ ಮ್ಯೂಸಿಯಂ ಇದೆ.

ನಕಲಿನ ನೋವು ಅವರಿಗೆ ಹೊಸದಲ್ಲ. 1999ರಲ್ಲಿ ಇದೇ ಲೇಬಲ್ಲಿಗೆ ಡಿಜೆ ರೊಲ್ಯಾಂಡೊ ಮಾಡಿದ 'ನೈಟ್ಸ್ ಆಫ್ ದಿ ಜಾಗ್ವಾರ್' ದೊಡ್ಡ ಹೆಸರು ಮಾಡಿತು. ಸೋನಿಯ ಜರ್ಮನ್ ಶಾಖೆ ಅನುಮತಿ ಇಲ್ಲದೆ ಸ್ವರಕ್ಕೆ ಸ್ವರ ಹೊಂದುವ ಮತ್ತೊಂದು ಆವೃತ್ತಿ ಮಾಡಿಸಿತು. ಕೇಳುಗರು ದೇಶ ದೇಶಗಳಿಂದ ಇಮೇಲ್ ಕಳಿಸಿ ಪ್ರತಿಭಟಿಸಿದರು. ಸೋನಿ ಹಿಂದೆ ಸರಿಯಿತು, ಆಮೇಲೆ ಇನ್ನೊಂದು ದೊಡ್ಡ ಸಂಗೀತ ಕಂಪನಿ ಬಿಎಂಜಿ ಅದನ್ನೇ ಕೈಗೆತ್ತಿಕೊಂಡಿತು. ಅಂಥ ಹೊತ್ತಲ್ಲಿ ಲೇಬಲ್ಲಿನ ಜೊತೆ ನಿಂತಿದ್ದು ನಮ್ಮ ನಿಮ್ಮಂಥ ಕೇಳುಗರು. ಅಂಥವರಿಗೆ ನಮ್ಮ ಅಂಗಡಿಯಿಂದಲೇ ನಕಲಿ ಹೋಯಿತಲ್ಲ ಅನ್ನುವುದೇ ನಮ್ಮ ಸಂಕಟ.

ರೆಕಾರ್ಡ್ ಕತ್ತರಿಸುವವರ, ಅಂದರೆ ಅಚ್ಚಿನ ಮೂಲ ತಟ್ಟೆಯಲ್ಲಿ ಸಂಗೀತದ ಗೆರೆ ಕೊರೆಯುವವರ ಬಗ್ಗೆಯೂ ಒಂದು ಮಾತು. ಈ ಲೇಬಲ್ಲಿನ ಹಳೆಯ ರೆಕಾರ್ಡುಗಳಲ್ಲಿ ಹೆಚ್ಚಿನವನ್ನು ಕತ್ತರಿಸಿದ್ದು ಡೆಟ್ರಾಯ್ಟಿನ ರಾನ್ ಮರ್ಫಿ. ಅವರು 2008ರಲ್ಲಿ ತೀರಿಕೊಂಡರು. ತಮ್ಮ ನ್ಯಾಷನಲ್ ಸೌಂಡ್ ಕಾರ್ಪೊರೇಷನ್ನಿನ ಗುರುತಾಗಿ 'ಎನ್‌ಎಸ್‌ಸಿ' ಅಂತ ಆ ನುಣುಪಾದ ಪಟ್ಟಿಯಲ್ಲಿ ಗೀಚುತ್ತಿದ್ದರು. ಪ್ಲೇಯರಿನ ಮುಳ್ಳು ಒಂದೇ ಸುತ್ತಿನಲ್ಲಿ ಸುತ್ತುತ್ತಲೇ ಇರುವ ಗೆರೆಗಳನ್ನೂ ಅವರು ಮಿಲ್ಸ್‌ಗೆ ಕತ್ತರಿಸಿಕೊಟ್ಟರು. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅದರಲ್ಲಿ ನಾಲ್ಕು ಬೀಟ್ ಕೂರಿಸಿದರೆ ನಿಮಿಷಕ್ಕೆ ಸುಮಾರು 133 ಬೀಟ್, ಅಂದರೆ ಸರಿಯಾಗಿ ಟೆಕ್ನೋದ ಓಟ! ಇಷ್ಟು ಲೆಕ್ಕ, ಇಷ್ಟು ಕೈಚಳಕ ಇಟ್ಟು ಮಾಡಿದ ವಸ್ತುವನ್ನು ಯಾರೋ ಕಂಪ್ಯೂಟರ್ ಫೈಲಿನಿಂದ ಅಚ್ಚೊತ್ತಿಸಿದರೆ ಬೇಸ್ ಸಪ್ಪೆಯಾದರೆ ಆಶ್ಚರ್ಯವೇನು?

ಇನ್ನು ವ್ಯವಹಾರದ ಮಾತು. ಆರ್ಡರ್ ಕೊಡುವಾಗ ಅರ್ಧ ಹಣ ಕೊಡಿ, ಪಾರ್ಸೆಲ್ಲು ಬಂದ ಮೇಲೆ ಉಳಿದರ್ಧ. ಸಾಗಣೆ ಮತ್ತು ಕಸ್ಟಮ್ಸ್ ಖರ್ಚನ್ನು ಆ ಸಲ ತರಿಸಿದ ಎಲ್ಲರಿಗೂ ಸಮವಾಗಿ ಹಂಚಿ, ಬಿಲ್ಲನ್ನು ಗೋಡೆಗೆ ಅಂಟಿಸುತ್ತೇವೆ. ಈಗಾಗಲೇ ಕೊಟ್ಟಿರುವ ಆರ್ಡರುಗಳಿಗೆ ಹಳೆಯ ಬೆಲೆಯೇ. ಹೆಚ್ಚಿಗೆ ಬಿದ್ದದ್ದು ನಮ್ಮ ಲೆಕ್ಕಕ್ಕೆ.

ನಮ್ಮಲ್ಲಿ ಕೊಂಡ ಈ ಲೇಬಲ್ಲಿನ ರೆಕಾರ್ಡು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಟಾರ್ಚ್ ಹಿಡಿದು ಆ ಪಟ್ಟಿ ನೋಡಿ. 'ಎನ್‌ಎಸ್‌ಸಿ' ಕಾಣದಿದ್ದರೆ ಸುಮ್ನೆ ಗಾಬರಿ ಆಗಬೇಡಿ, ಆಮೇಲಿನ ಮರುಮುದ್ರಣಗಳನ್ನು ಬೇರೆಯವರು ಕತ್ತರಿಸಿರಬಹುದು. ಅನುಮಾನ ಬಂದರೆ ಅಂಗಡಿಗೆ ತನ್ನಿ, ಅಸಲಿ ಪ್ರತಿಯ ಪಕ್ಕದಲ್ಲಿಟ್ಟು ಒಟ್ಟಿಗೆ ಕೇಳೋಣ. ನಕಲಿ ಅಂತ ಗೊತ್ತಾದರೆ ಪೂರ್ತಿ ಹಣ ವಾಪಸ್, ಬಿಲ್ಲು ಇಲ್ಲದಿದ್ದರೂ ಸರಿ. ಭಾನುವಾರ ಬೆಳಿಗ್ಗೆ ಬನ್ನಿ. ಆಗ ಅಂಗಡಿಯಲ್ಲಿ ಗದ್ದಲ ಕಡಿಮೆ, ಬೇಸ್ ಚೆನ್ನಾಗಿ ಕೇಳಿಸುತ್ತದೆ.

ಪ್ರೀತಿಯಿಂದ,
ಅಂಗಡಿಯ ಎಲ್ಲರೂ