ಬೆಳೆಯುವ ಪಾದಕ್ಕೆ ಬಗ್ಗಿಸುವ ಹಲಗೆ ಬೇಡ

ಮಾನ್ಯ ಸಂಪಾದಕರೇ,

ಬ್ಯಾಲೆ ಕಲಿಯುವ ಮಕ್ಕಳ ಪಾದಕ್ಕೆ ತೊಡಿಸಿ ಬಗ್ಗಿಸುವ, ‘ಫುಟ್ ಸ್ಟ್ರೆಚರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಾಧನದ ಕುರಿತು ತಂದೆತಾಯಂದಿರ ಹಾಗೂ ನೃತ್ಯ ಶಿಕ್ಷಕರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ನೃತ್ಯಗಾರ್ತಿಯೂ ಅಲ್ಲ. 13 ವರ್ಷದ ಹುಡುಗಿಯೊಬ್ಬಳ ತಾಯಿ. ಆ ಸಾಧನವನ್ನು ಮಗಳಿಗೆ ತರಿಸಿಕೊಟ್ಟವಳು ನಾನೇ. ನಾಲ್ಕು ತಿಂಗಳ ನಂತರ ಅದನ್ನು ಅವಳಿಂದ ಬಿಡಿಸಿದವಳೂ ನಾನೇ. ನಡುವಿನ ಆ ನಾಲ್ಕು ತಿಂಗಳಲ್ಲಿ ನನಗೆ ಗೊತ್ತಿರದೆ ಹೋದದ್ದು ಇನ್ನೊಬ್ಬ ತಾಯಿಗಾದರೂ ಮೊದಲೇ ಗೊತ್ತಿರಲಿ ಎಂಬುದೊಂದೇ ಈ ಪತ್ರದ ಉದ್ದೇಶ.

ನೋಡದವರಿಗಾಗಿ ಹೇಳುವುದಾದರೆ, ಅದು ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಬಿಲ್ಲಿನಂತೆ ಬಾಗಿದ ಒಂದು ಹಲಗೆ. ಒಂದು ತುದಿಯಲ್ಲಿ ಹಿಮ್ಮಡಿ ಕೂರುವ ಗುಳಿ, ಇನ್ನೊಂದು ತುದಿಯಲ್ಲಿ ಬೆರಳುಗಳನ್ನು ಒತ್ತಿ ಹಿಡಿಯುವ ಎಲಾಸ್ಟಿಕ್ ಪಟ್ಟಿ. ನೆಲದ ಮೇಲೆ ಕುಳಿತು, ಮಂಡಿ ಮಡಿಚಿಕೊಂಡು ಪಾದವನ್ನು ಒಳಗಿಟ್ಟು, ನಂತರ ಮಂಡಿಯನ್ನು ನೆಟ್ಟಗೆ ಮಾಡುತ್ತಾ ಹೋದರೆ ಇಡೀ ಕಾಲು ಸನ್ನೆಕೋಲಿನಂತೆ ವರ್ತಿಸಿ ಪಾದವನ್ನು ಹಲಗೆಯ ಬಾಗಿನ ಮೇಲೆ ಒತ್ತಿ ಬಗ್ಗಿಸುತ್ತದೆ. ಸನ್ನೆಕೋಲಿನ ಗುಣವೇ ಅದು: ಹಾಕುವ ಬಲ ಸ್ವಲ್ಪ ಅನ್ನಿಸುತ್ತದೆ, ಕೀಲಿಗೆ ತಲಪುವ ಬಲ ಬಹಳವಾಗಿರುತ್ತದೆ. ಎಷ್ಟು ಬಲ ಬೀಳುತ್ತಿದೆ ಎಂದು ಅಳೆಯುವ ವ್ಯವಸ್ಥೆ ನಾನು ತರಿಸಿದ್ದರಲ್ಲಿ ಇರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಗುರುತೂ ಇರಲಿಲ್ಲ.

ಮಕ್ಕಳಿಗೆ ಇದರ ಆಸೆ ಏಕೆ ಹುಟ್ಟುತ್ತದೆ ಎಂಬುದು ಅರ್ಥವಾಗದ ಸಂಗತಿಯೇನಲ್ಲ. ಬ್ಯಾಲೆಯಲ್ಲಿ ಪಾದವನ್ನು ಚೂಪಾಗಿ ಚಾಚಿದಾಗ ಮಂಡಿಯಿಂದ ಬೆರಳ ತುದಿಯವರೆಗೆ ಒಂದೇ ಎಳೆಯ ಗೆರೆ ಕಾಣಬೇಕು, ಪಾದದ ಮೇಲ್ಭಾಗ ಮೃದುವಾಗಿ ಉಬ್ಬಿರಬೇಕು. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ನೃತ್ಯಕ್ಕಂತೂ ಇದು ಬರೀ ಅಂದದ ಮಾತಲ್ಲ. ಸುಮ್ಮನೆ ನಿಂತಾಗ ಕಾಲಿಗೆ ಲಂಬಕೋನದಲ್ಲಿರುವ ಪಾದ ಸುಮಾರು 90 ಡಿಗ್ರಿಯಷ್ಟು ಬಾಗಿ ಕಾಲಿನ ನೇರಕ್ಕೆ ಬಾರದಿದ್ದರೆ ದೇಹದ ಭಾರ ಶೂವಿನ ತುದಿಯ ಮೇಲೆ ಸರಿಯಾಗಿ ಕೂರುವುದಿಲ್ಲ. 1832ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಮರೀ ತಾಲಿಯೋನಿ ಬೆರಳ ತುದಿಯ ನೃತ್ಯವನ್ನು ಕಲೆಯ ಎತ್ತರಕ್ಕೆ ಒಯ್ದಂದಿನಿಂದ ಈ ಬೇಡಿಕೆ ಪಾದಗಳ ಮೇಲಿದೆ. ಮಗಳ ಆಸೆಯನ್ನು ನಾನು ಅಂದೂ ತಪ್ಪೆನ್ನಲಿಲ್ಲ, ಇಂದೂ ಎನ್ನುವುದಿಲ್ಲ. ಅದಕ್ಕೆ ನಾವು ಹಿಡಿದ ದಾರಿ ಮಾತ್ರ ತಪ್ಪಾಗಿತ್ತು.

ಪಾದ ಒಂದೇ ತುಂಡಲ್ಲ. ಒಂದೊಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಪಾದವನ್ನು ಚಾಚಿದಾಗ ಹೆಚ್ಚಿನ ಬಾಗು ಕಣಕಾಲಿನ ಕೀಲಿನಲ್ಲಿ ಆಗುತ್ತದೆ, ಉಳಿದದ್ದು ನಡುಪಾದದ ಸಣ್ಣ ಸಣ್ಣ ಕೀಲುಗಳಲ್ಲಿ ಹಂಚಿಹೋಗುತ್ತದೆ. ಒಂದು ಮಗುವಿನ ಪಾದ ಪೂರ್ತಿ ಚಾಚಿಕೊಳ್ಳುತ್ತಿಲ್ಲವೆಂದರೆ ಬಿಗಿ ಎಲ್ಲಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಕಣಕಾಲಿನ ಮುಂಭಾಗ ಬಿಗಿಯಾಗಿದೆಯೋ, ನಡುಪಾದ ಬಿಗಿಯಾಗಿದೆಯೋ, ಹಿಂಭಾಗದಲ್ಲಿ ಮೂಳೆಗೆ ಮೂಳೆ ತಾಗುತ್ತಿದೆಯೋ, ಅಥವಾ ಪಾದ ಬಾಗಬಲ್ಲದಾದರೂ ಅದನ್ನು ಅಲ್ಲಿ ಹಿಡಿದು ನಿಲ್ಲಿಸುವ ಶಕ್ತಿ ಸ್ನಾಯುಗಳಿಗೆ ಇನ್ನೂ ಬಂದಿಲ್ಲವೋ? ಈ ನಾಲ್ಕಕ್ಕೆ ನಾಲ್ಕು ಬೇರೆ ಬೇರೆ ಪರಿಹಾರಗಳಿವೆ. ಹಲಗೆಗೆ ಈ ಭೇದ ತಿಳಿಯುವುದಿಲ್ಲ. ಅದು ಒತ್ತುತ್ತದೆ, ಒತ್ತಿದಾಗ ಎಲ್ಲಿ ಸಡಿಲವಿದೆಯೋ ಅಲ್ಲಿಯೇ ಪಾದ ಬಾಗುತ್ತದೆ. ಬಿಗಿಯಾದ ಕೀಲು ಬಿಗಿಯಾಗಿಯೇ ಉಳಿದು, ಮೊದಲೇ ಸಡಿಲವಾಗಿದ್ದ ಕೀಲು ಇನ್ನಷ್ಟು ಸಡಿಲವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಪಾದದ ಕಮಾನು ಏರಿದಂತೆ ಕಾಣುವುದರಿಂದ ಮಗು ಹಿಗ್ಗುತ್ತದೆ, ಮನೆಯವರೂ ಹಿಗ್ಗುತ್ತಾರೆ. ನಾನೂ ಹಿಗ್ಗಿದ್ದೆ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ತರಗತಿಯಲ್ಲಿ ‘ಪಾದ ಇನ್ನೂ ಸಾಲದು’ ಎಂಬ ಮಾತು ಹಲವು ಬಾರಿ ಕೇಳಿಬಂದ ಮೇಲೆ, ಸಹಪಾಠಿಯೊಬ್ಬಳ ಬಳಿ ನೋಡಿದ ಸಾಧನವೇ ತನಗೂ ಬೇಕೆಂದು ಮಗಳು ಹಟ ಹಿಡಿದಳು. ಆಗ ಅವಳಿಗೆ 12 ವರ್ಷ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನೆನಪಾಗಿ, ಈ ವಯಸ್ಸಿನಲ್ಲೇ ಮಾಡಿಸುವುದು ಒಳ್ಳೆಯದೆಂದು ನಾನು ತರಿಸಿಕೊಟ್ಟೆ. ದಿನವೂ ರಾತ್ರಿ ಒಂದೊಂದು ಪಾದಕ್ಕೆ ಕೆಲವು ನಿಮಿಷ. ಮೂರನೆಯ ತಿಂಗಳ ಹೊತ್ತಿಗೆ ಬಲಗಾಲಿನ ಹಿಮ್ಮಡಿಯ ಮೇಲೆ, ಕಣಕಾಲಿನ ಹಿಂಭಾಗದಲ್ಲಿ, ನೋವು ಕಾಣಿಸಿಕೊಂಡಿತು. ಪಾದ ಚಾಚಿದಾಗಲೂ ಬೆರಳುಗಳ ಮೇಲೆ ಏರಿ ನಿಂತಾಗಲೂ ಚುಚ್ಚುತ್ತಿತ್ತು. ಎಳೆದರೆ ನೋಯಲೇಬೇಕು, ನೋಯುತ್ತಿದೆ ಎಂದರೆ ಫಲ ಸಿಗುತ್ತಿದೆ ಎಂದು ಅವಳು ತಿಳಿದುಕೊಂಡು ಒಂದು ತಿಂಗಳು ಬಾಯಿ ಬಿಡಲಿಲ್ಲ. ಆ ಒಂದು ತಿಂಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಫಿಸಿಯೋಥೆರಪಿಸ್ಟ್ ಮಾಡಿದ ಮೊದಲ ಪರೀಕ್ಷೆ ಬಹಳ ಸರಳವಾಗಿತ್ತು. ಕಾಲು ಚಾಚಿ ಕುಳಿತು ಪಾದವನ್ನು ಚೂಪು ಮಾಡಿಸಿ, ಕಣಕಾಲಿನ ಮೇಲ್ಭಾಗದಲ್ಲಿ ಒಂದು ಪೆನ್ಸಿಲನ್ನು ಉದ್ದಕ್ಕೆ ಇಟ್ಟರು. ಕಣಕಾಲು ಸಾಕಷ್ಟು ಬಾಗುತ್ತಿದ್ದರೆ ಆ ಪೆನ್ಸಿಲ್ ಮಂಡಿಯ ಕೆಳಗಿನ ಮೂಳೆಯ ನೇರಕ್ಕೆ ಮಲಗಬೇಕು. ನನ್ನ ಮಗಳ ಬಲಗಾಲಿನ ಮೇಲೆ ಅದು ಮಲಗಲಿಲ್ಲ, ಓರೆಯಾಗಿಯೇ ನಿಂತಿತು. ನಾಲ್ಕು ತಿಂಗಳು ಬಗ್ಗಿಸಿದ್ದರಿಂದ ಉಬ್ಬಿದ್ದೆಲ್ಲ ನಡುಪಾದ ಮಾತ್ರ. ಮುಂದೆ ವೈದ್ಯರು ಎಕ್ಸ್-ರೇ ತೆಗೆಸಿದಾಗ ಕಣಕಾಲಿನ ಹಿಂದೆ ಒಂದು ಪುಟ್ಟ ಹೆಚ್ಚುವರಿ ಮೂಳೆ ಕಂಡಿತು. ಇದಕ್ಕೆ ಆಸ್ ಟ್ರೈಗೋನಮ್ ಎನ್ನುತ್ತಾರೆ. ಕಣಕಾಲಿನ ಟೇಲಸ್ ಎಂಬ ಮೂಳೆಯ ಹಿಂತುದಿ ಬಾಲ್ಯದಲ್ಲಿ ಪ್ರತ್ಯೇಕವಾಗಿ ಗಟ್ಟಿಯಾಗಿ, ನಂತರ ಸಾಮಾನ್ಯವಾಗಿ ತಾಯಿಮೂಳೆಗೆ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಕೂಡದೆ ಬೇರೆಯಾಗಿಯೇ ಉಳಿಯುತ್ತದೆ. ಇಂಥವರಲ್ಲಿ ಬಹಳ ಜನರಿಗೆ ಅದು ಇರುವುದೂ ಗೊತ್ತಾಗುವುದಿಲ್ಲ. ಆದರೆ ಪಾದವನ್ನು ಬಲವಂತವಾಗಿ ಕೆಳಕ್ಕೆ ಬಗ್ಗಿಸಿದಾಗ ಅದು ಮೇಲಿನ ಮೂಳೆಗೂ ಹಿಮ್ಮಡಿಯ ಮೂಳೆಗೂ ನಡುವೆ ಅಡಕತ್ತರಿಯ ಬಾಯಿಗೆ ಸಿಕ್ಕ ಅಡಕೆಯಂತೆ ಸಿಕ್ಕಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಹಾದುಹೋಗುವ, ಹೆಬ್ಬೆರಳನ್ನು ಮಡಿಸುವ ಸ್ನಾಯುವಿನ ರಜ್ಜು ಕೂಡ ಉಜ್ಜಿ ಊದಿಕೊಳ್ಳಬಹುದು. ಮೂಳೆಗೆ ಮೂಳೆ ತಾಗಿದ ಮೇಲೆ ಎಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಾವು ರಾತ್ರಿ ರಾತ್ರಿ ಎಳೆಯುತ್ತಿದ್ದದ್ದು ಇದನ್ನೇ.

ಹೆಚ್ಚುವರಿ ಮೂಳೆ ಇಲ್ಲದ ಮಕ್ಕಳಿಗೆ ತೊಂದರೆ ಇಲ್ಲವೆಂದು ಯಾರೂ ತಿಳಿಯಬಾರದು. ಸ್ನಾಯು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತನ್ನ ಅಳತೆಗೆ ಮರಳುತ್ತದೆ. ಮೂಳೆಗೂ ಮೂಳೆಗೂ ಕಟ್ಟು ಹಾಕಿರುವ ಲಿಗಮೆಂಟಿನ ಸ್ವಭಾವ ಬೇರೆ. ಅದು ಅತಿಯಾಗಿ ಎಳೆದುಹೋದರೆ ಹಾಗೆಯೇ ಸಡಿಲವಾಗಿ ಉಳಿದುಬಿಡಬಹುದು. ಈ ಹಲಗೆಯಲ್ಲಿ ಮುಖ್ಯವಾಗಿ ಎಳೆತಕ್ಕೆ ಸಿಕ್ಕುವುದು ಪಾದದ ಮೇಲ್ಭಾಗದ ಲಿಗಮೆಂಟುಗಳು ಮತ್ತು ಕಣಕಾಲಿನ ಮುಂಭಾಗದ ಪೊರೆ. ಪಾದದ ಮೇಲೆ ಹಾದುಹೋಗುವ ನರಗಳೂ ಜೊತೆಗೆ ಎಳೆಯಲ್ಪಡುತ್ತವೆ. ಬೆರಳುಗಳಲ್ಲಿ ಜೋಮು ಹಿಡಿದರೆ ಅದು ಒಳ್ಳೆಯ ಎಳೆತದ ಲಕ್ಷಣವಲ್ಲ, ನಿಲ್ಲಿಸಬೇಕೆಂಬ ಸೂಚನೆ. ಇನ್ನು ಗಾದೆಯ ವಿಷಯ. ಎಳೆಯ ಗಿಡ ಬಗ್ಗುವುದು ನಿಜ, ಆದರೆ ಎಳೆಯ ಮೂಳೆಯ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪದರಗಳಿರುತ್ತವೆ. ಹುಡುಗಿಯರ ಪಾದದಲ್ಲಿ ಇವು ಸಾಮಾನ್ಯವಾಗಿ 14–15ನೆಯ ವಯಸ್ಸಿನ ಆಸುಪಾಸಿನವರೆಗೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪಾದದ ಅತ್ಯಂತ ಸೂಕ್ಷ್ಮ ಜಾಗಗಳಲ್ಲಿ ಇವೂ ಸೇರಿವೆ. ಇಂಥ ಪಾದದ ಮೇಲೆ ಅಳತೆಯಿಲ್ಲದ ಬಲ ಹಾಕುವುದಕ್ಕೆ ನಮ್ಮ ಹಿರಿಯರ ಗಾದೆಯನ್ನು ಆಧಾರ ಮಾಡಿಕೊಂಡದ್ದು ನನ್ನ ತಪ್ಪು.

ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು, ವಿಚಿತ್ರವೆನಿಸಿದರೂ, ಈಗಾಗಲೇ ಸುಂದರವಾದ ಪಾದವಿರುವ ಮಕ್ಕಳು. ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವ ಮಕ್ಕಳ ಕಮಾನು ಹೊಗಳಿಸಿಕೊಳ್ಳುತ್ತದೆ, ಹೊಗಳಿಕೆ ಕೇಳಿ ಅವರು ಇನ್ನಷ್ಟು ಬಗ್ಗಿಸುತ್ತಾರೆ. ಆದರೆ ಪಾಯಿಂಟ್ ಶೂ ತೊಟ್ಟು ನಿಂತಾಗ ಅತಿಯಾಗಿ ಬಾಗುವ ಪಾದ ಶೂವಿನ ಚಪ್ಪಟೆ ತುದಿಯನ್ನು ದಾಟಿ ಮುಂದಕ್ಕೆ ವಾಲುತ್ತದೆ, ಕಣಕಾಲು ಅದುರುತ್ತದೆ, ಉಳುಕುವ ಸಂಭವ ಹೆಚ್ಚುತ್ತದೆ. ಎತ್ತರದ ಕಮಾನಿಗೆ ಹೆಸರಾಗಿದ್ದ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರು ಆಧಾರಕ್ಕಾಗಿ ತಮ್ಮ ಶೂಗಳಿಗೆ ಗಟ್ಟಿ ಚರ್ಮದ ಅಟ್ಟೆಯನ್ನು ಸೇರಿಸಿಕೊಳ್ಳುತ್ತಿದ್ದರು. ಜಗತ್ತು ಹಾಡಿ ಹೊಗಳಿದ ಪಾದಕ್ಕೂ ಇನ್ನಷ್ಟು ಬಾಗು ಬೇಕಿರಲಿಲ್ಲ, ಬೇಕಿದ್ದದ್ದು ಆಸರೆ.

ಸಾಧನದಿಂದ ದೇಹವನ್ನು ತಿದ್ದುವ ಆತುರ ಹೊಸದೇನಲ್ಲ. ತೊಡೆಯಿಂದ ಕಾಲನ್ನು ಹೊರಮುಖವಾಗಿ ತಿರುಗಿಸಲೆಂದು 18ನೆಯ ಶತಮಾನದ ಫ್ರಾನ್ಸಿನಲ್ಲಿ ಒಂದು ಯಂತ್ರವನ್ನು ಬಳಸುತ್ತಿದ್ದರು. ನೃತ್ಯಗುರು ಜೀನ್-ಜಾರ್ಜ್ ನೋವೆರ್ ಅವರು 1760ರಲ್ಲಿಯೇ ಅದನ್ನು ಹಾನಿಕರವೆಂದು ಟೀಕಿಸಿ ಬರೆದಿದ್ದರು. ಇಂದು ಯಾರೂ ಆ ಯಂತ್ರವನ್ನು ಮಗುವಿಗೆ ತೊಡಿಸಲು ಒಪ್ಪಲಾರರು.

ಹಾಗಾದರೆ ಪಾದವನ್ನು ಸುಧಾರಿಸಲು ಸಾಧ್ಯವೇ ಇಲ್ಲವೇ ಎಂದರೆ, ಖಂಡಿತ ಸಾಧ್ಯವಿದೆ. ನನ್ನ ಮಗಳು ಈಗ ಮಾಡುತ್ತಿರುವುದು ಇಷ್ಟೇ: ಬೆರಳುಗಳನ್ನು ಮುದುಡದೆ, ನೆಲಕ್ಕೆ ಚಾಚಿಟ್ಟುಕೊಂಡೇ ಅಂಗಾಲಿನ ನಡುಭಾಗವನ್ನು ಗುಮ್ಮಟದಂತೆ ಮೇಲೆತ್ತಿ ಹಿಡಿಯುವುದು; ರಬ್ಬರ್ ಪಟ್ಟಿಯ ಎಳೆತಕ್ಕೆ ಎದುರಾಗಿ ಪಾದವನ್ನು ಮೊದಲು ಕಣಕಾಲಿನಿಂದ, ನಂತರ ನಡುಪಾದದಿಂದ, ಕೊನೆಗೆ ಬೆರಳುಗಳಿಂದ ನಿಧಾನವಾಗಿ ಚಾಚುವುದು; ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಮೊದಲು ಆರು ಸಲ ಎತ್ತುವಷ್ಟರಲ್ಲಿ ಕಣಕಾಲು ಒಳಕ್ಕೋ ಹೊರಕ್ಕೋ ವಾಲುತ್ತಿತ್ತು. ಈಗ 20 ಸಲ ನೇರವಾಗಿ ಎತ್ತುತ್ತಾಳೆ. ಬಿಗಿಯಾಗಿದ್ದ ಮೀನಖಂಡ ಸಡಿಲವಾದ ಮೇಲೆ, ಹಿಮ್ಮಡಿಯ ಮೇಲಿನ ಊತ ಇಳಿದ ಮೇಲೆ, ಬಲಗಾಲಿನ ಗೆರೆಯೂ ಮೊದಲಿಗಿಂತ ಚೆನ್ನಾಗಿದೆ. ಈ ಗೆರೆಯನ್ನು ಅವಳ ಸ್ನಾಯುಗಳೇ ಎಳೆದಿವೆ, ಹಾಗಾಗಿ ನೃತ್ಯದ ನಡುವೆಯೂ ಅದು ಉಳಿಯುತ್ತದೆ. ಹಲಗೆಯ ಮೇಲೆ ಕಾಣುತ್ತಿದ್ದ ಕಮಾನು ಹಲಗೆಯಿಂದ ಪಾದ ತೆಗೆದ ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತಿತ್ತು.

ಪೂರ್ತಿ ಬೆಳೆದ, ಬಲವಾದ ಪಾದವಿರುವ ವೃತ್ತಿನಿರತರು ಬಲ್ಲವರ ಕಣ್ಣೆದುರಿನಲ್ಲಿ ಇಂಥ ಸಾಧನವನ್ನು ಮಿತವಾಗಿ ಬಳಸಿದರೆ ನನ್ನ ತಕರಾರಿಲ್ಲ. 1990ರಲ್ಲಿ ಸ್ಥಾಪನೆಯಾದ ನೃತ್ಯ ವೈದ್ಯಶಾಸ್ತ್ರದ ಅಂತರರಾಷ್ಟ್ರೀಯ ಸಂಘವು ಪಾಯಿಂಟ್ ಅಭ್ಯಾಸವನ್ನೇ 12 ವರ್ಷಕ್ಕೆ ಮೊದಲು ಆರಂಭಿಸಬಾರದೆಂದೂ, ಪಾದ ಮತ್ತು ಕಣಕಾಲು ಅತಿ ಸಡಿಲವಾಗಿರುವ ಮಕ್ಕಳಿಗೆ ಮೊದಲು ಬಲ ತುಂಬುವ ವ್ಯಾಯಾಮ ಅಗತ್ಯವೆಂದೂ ಹೇಳುತ್ತದೆ. ಹೀಗಿರುವಾಗ ಎಂಟು, ಒಂಬತ್ತು ವರ್ಷದ ಮಕ್ಕಳ ಪಾದಗಳನ್ನು ‘ಮೊದಲು’, ‘ನಂತರ’ ಎಂದು ಅಕ್ಕಪಕ್ಕ ತೋರಿಸಿ ಸಾಧನವನ್ನು ಮಾರುವುದು ಸರಿಯಲ್ಲ. ಬೆಳೆಯುವ ಮಕ್ಕಳು ಪರೀಕ್ಷೆಯಿಲ್ಲದೆ ಬಳಸಬಾರದು, ಕಣಕಾಲಿನ ಹಿಂದೆ ನೋವು ಬಂದರೆ ಅಥವಾ ಪಾದ ಜೋಮು ಹಿಡಿದರೆ ಕೂಡಲೇ ನಿಲ್ಲಿಸಬೇಕು ಎಂಬ ಎರಡು ಮಾತುಗಳನ್ನು ಪೆಟ್ಟಿಗೆಯ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಿಸುವುದು ಮಾರುವವರ ಕರ್ತವ್ಯ.

ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ‘ಪಾದ ಸಾಲದು’ ಎಂದು ಹೇಳುವಾಗ ಏನು ಸಾಲದು, ಅದಕ್ಕೆ ಏನು ಮಾಡಬೇಕು ಎಂಬುದನ್ನೂ ಆ ಕ್ಷಣದಲ್ಲೇ ಮಗುವಿಗೆ ಹೇಳಿ. ಬರೀ ‘ಸಾಲದು’ ಎಂಬ ಮಾತನ್ನು ಹೊತ್ತು ಮನೆಗೆ ಹೋದ ಮಗು ಉತ್ತರವನ್ನು ಜಾಹೀರಾತಿನಲ್ಲಿ ಹುಡುಕುತ್ತದೆ, ಸೋಫಾದ ಕೆಳಗೆ ಪಾದ ಸಿಕ್ಕಿಸಿಕೊಂಡು ಬಗ್ಗಿಸುತ್ತದೆ, ಗೆಳತಿಯನ್ನು ಪಾದದ ಮೇಲೆ ಕೂರಿಸಿಕೊಳ್ಳುತ್ತದೆ. ಇವೆಲ್ಲ ನನ್ನ ಮಗಳ ಬಾಯಿಂದಲೇ ನಾನು ಆಮೇಲೆ ಕೇಳಿ ತಿಳಿದವು. ತಂದೆತಾಯಂದಿರು ಇಂದು ರಾತ್ರಿಯೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾದ ಚಾಚಿದಾಗ ಹಿಮ್ಮಡಿಯ ಹಿಂದೆ ನೋಯುತ್ತದೆಯೇ ಎಂದು ಒಮ್ಮೆ ಕೇಳಬೇಕೆಂದು ಕೋರುತ್ತೇನೆ.

ಇಂತಿ,
ಬ್ಯಾಲೆ ಕಲಿಯುತ್ತಿರುವ ಬಾಲಕಿಯೊಬ್ಬಳ ತಾಯಿ