ಬೆಳಕಿನ ಚಿಕಿತ್ಸೆ ಮಧ್ಯಾಹ್ನದ ಮೇಲೂ ಸಿಗಲಿ

ಮಾನ್ಯ ಸಂಪಾದಕರೇ,

ಸೋರಿಯಾಸಿಸ್, ಹಳೆಯ ಇಸುಬು ಮುಂತಾದವುಗಳಿಗೆ ಚರ್ಮವೈದ್ಯರು ಬರೆದುಕೊಡುವ ನೇರಳಾತೀತ ಬೆಳಕಿನ ಚಿಕಿತ್ಸೆಯನ್ನು ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ನಾಲ್ಕೈದು ಸಲ ಮಾಡಿಸಿಕೊಂಡು ಬಿಟ್ಟುಬಿಡುವುದನ್ನು ಕಾಣುತ್ತಿದ್ದೇನೆ. ಅವರಿಗೆ ಶ್ರದ್ಧೆಯಿಲ್ಲವೆಂದು ದೂರುವ ಮೊದಲು, ಚಿಕಿತ್ಸೆಯ ಬಗೆಯನ್ನೂ ಅದನ್ನು ಕೊಡುವ ವೇಳೆಯನ್ನೂ ಒಟ್ಟಿಗೆ ಗಮನಿಸಬೇಕು.

ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣೆಗೆಂದೇ ಇರುವ ಟಿ ಕೋಶಗಳು ಚರ್ಮದಲ್ಲಿ ಬೀಡುಬಿಟ್ಟು ಉರಿಯೂತ ಕೆರಳಿಸುವ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇದರಿಂದಾಗಿ, ಸಹಜವಾಗಿ ತಿಂಗಳ ಮಟ್ಟಿಗೆ ಹಿಡಿಯುವ ಹೊರಪದರದ ನವೀಕರಣ ಕೆಲವೇ ದಿನಗಳಲ್ಲಿ ನಡೆದು, ಬಲಿಯದ ಕೋಶಗಳು ಬಿಳಿಯ ಹೊಟ್ಟಾಗಿ ಏಳುತ್ತವೆ. ಇಂದು ಹೆಚ್ಚಾಗಿ ಬಳಸುವ ನ್ಯಾರೋಬ್ಯಾಂಡ್ ಯುವಿಬಿ (ನೇರಳಾತೀತ ಬೆಳಕಿನ 'ಬಿ' ಬಗೆಯ ಒಂದು ಕಿರಿದಾದ ಪಟ್ಟಿ) ದೀಪ ಸುಮಾರು 311 ನ್ಯಾನೋಮೀಟರ್ ತರಂಗಾಂತರದ ಕಿರಣಗಳನ್ನು ಬೀರುತ್ತದೆ. ಕೋಶದ ಡಿಎನ್‌ಎ ಈ ಕಿರಣಗಳನ್ನು ಹೀರಿಕೊಂಡಾಗ ಕೋಶವಿಭಜನೆಯ ಆತುರ ತಗ್ಗುತ್ತದೆ, ಚರ್ಮದಲ್ಲಿ ಸೇರಿಕೊಂಡ ಟಿ ಕೋಶಗಳು ಸಾಯುತ್ತವೆ, ಉರಿಯೂತವನ್ನು ಶಮನಗೊಳಿಸುವ ಸಂಕೇತಗಳು ಹೆಚ್ಚುತ್ತವೆ. ಕಿರಣಗಳು ಚರ್ಮದ ಮೇಲ್ಪದರಗಳನ್ನು ದಾಟಿ ಆಳಕ್ಕೆ ಇಳಿಯದ ಕಾರಣ, ಎಷ್ಟೋ ಮಾತ್ರೆಗಳನ್ನು ಕೊಡಲಾಗದ ಗರ್ಭಿಣಿಯರಿಗೂ ವೈದ್ಯರು ಇದನ್ನು ಪರಿಗಣಿಸುತ್ತಾರೆ.

ಹಾಗಾದರೆ ಟೆರೇಸಿನ ಬಿಸಿಲೇ ಸಾಲದೇ ಎಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ಯುವಿಬಿ ಇದೆ, ನಿಜ. ಆದರೆ ಹೊತ್ತು, ಋತು, ಮೋಡಗಳಿಗೆ ತಕ್ಕಂತೆ ಅದು ಏರಿಳಿಯುವುದರಿಂದ ಪ್ರಮಾಣ ಯಾರ ಅಂಕೆಯಲ್ಲೂ ಇರುವುದಿಲ್ಲ, ಸುಟ್ಟ ಜಾಗದಲ್ಲೇ ಹೊಸ ಕಲೆ ಏಳುವುದೂ ಉಂಟು. ತೊನ್ನಿಗೆಂದು ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ನಿಲ್ಲುವವರಂತೂ ಇನ್ನೂ ಎಚ್ಚರದಿಂದಿರಬೇಕು. ಆ ಎಣ್ಣೆಯಲ್ಲಿರುವ ಸೊರಾಲೆನ್ ಎಂಬ ರಾಸಾಯನಿಕ ಚರ್ಮವನ್ನು ಬೆಳಕಿಗೆ ವಿಪರೀತ ಸೂಕ್ಷ್ಮವಾಗಿಸಿ ಬೊಬ್ಬೆ ಎಬ್ಬಿಸಬಲ್ಲದು.

ಆಸ್ಪತ್ರೆಯಲ್ಲಿ ಮೊದಲ ದಿನ ಚರ್ಮ ಕೆಂಪೇರದಷ್ಟು ಕಡಿಮೆ ಪ್ರಮಾಣದಿಂದ ಶುರುಮಾಡಿ, ಪ್ರತಿ ಸಲವೂ ತುಸು ತುಸುವೇ ಏರಿಸುತ್ತಾರೆ. ಕಪ್ಪು ಕನ್ನಡಕ ತೊಡಿಸಿ, ಸುತ್ತಲೂ ಟ್ಯೂಬುಗಳಿರುವ ಪೆಟ್ಟಿಗೆಯೊಳಗೆ ನಿಲ್ಲಿಸುವ ಮೊದಲು ಸಿಬ್ಬಂದಿ ತಪ್ಪದೆ ಕೇಳುತ್ತಾರೆ: "ಮೊನ್ನೆ ಕೆಂಪಾಗಿತ್ತೇ? ಉರಿ ಎಷ್ಟು ಹೊತ್ತು ಇತ್ತು?" ಆ ಉತ್ತರದ ಮೇಲೆಯೇ ಅಂದಿನ ಪ್ರಮಾಣ ನಿಂತಿರುತ್ತದೆ. ಕೆಂಪು ಕೆಲವು ಗಂಟೆಗಳ ನಂತರವಷ್ಟೇ ಕಾಣಿಸಿಕೊಂಡು ಒಂದು ದಿನದೊಳಗೆ ತುದಿ ಮುಟ್ಟುವುದರಿಂದ ಸಾಮಾನ್ಯವಾಗಿ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲದಂತೆ, 20ರಿಂದ 30 ಸಲ ಕೊಡುತ್ತಾರೆ. ಒಂದು ವಾರ ತಪ್ಪಿದರೆ ಪ್ರಮಾಣ ಏರಿಸುವಂತಿಲ್ಲ. ಇನ್ನೂ ತಡವಾದರೆ ಇಳಿಸಬೇಕು, ಮೂರು ವಾರ ಕಳೆದರೆ ಬಹುಮಟ್ಟಿಗೆ ಮೊದಲಿನಿಂದಲೇ ಆರಂಭ.

ಉಪನಗರದ ಆಸ್ಪತ್ರೆಯೊಂದರಲ್ಲಿ ಈ ವಿಭಾಗ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ತೆರೆದಿರುತ್ತದೆ. ಬೆಳಕಿಗೆ ನಿಲ್ಲುವುದು ಕೆಲವೇ ನಿಮಿಷ. ಸರದಿಯೂ ಲೋಕಲ್ ರೈಲಿನ ಓಡಾಟವೂ ಅರ್ಧ ದಿನವನ್ನು ನುಂಗುತ್ತವೆ. ಇಡ್ಲಿ, ದೋಸೆಯ ಗಡಿಬಿಡಿ ಮುಗಿದು ಊಟದ ತಯಾರಿ ಶುರುವಾಗುವ ಆ ಹೊತ್ತಿಗೆ ವಾರಕ್ಕೆ ಮೂರು ಸಲ ಅಡುಗೆಮನೆ ಬಿಟ್ಟುಬರಲು ಯಾವ ಮ್ಯಾನೇಜರ್ ಒಪ್ಪಿಯಾನು? ಅವರಿಗೆ ಬಿಡುವಿರುವುದು ಮಧ್ಯಾಹ್ನ ಮೂರರ ಮೇಲೆ. ಮಹಾನಗರಪಾಲಿಕೆಯ ಮತ್ತು ಧರ್ಮಾರ್ಥ ಆಸ್ಪತ್ರೆಗಳು ಸೋಮವಾರ, ಬುಧವಾರ, ಶುಕ್ರವಾರಗಳಂದಾದರೂ ಮೂರರಿಂದ ಆರರವರೆಗೆ ಈ ವಿಭಾಗವನ್ನು ತೆರೆದಿಡಬೇಕು. ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸಿ ಸುಮ್ಮನಾಗದೆ ಈ ಬೇಡಿಕೆಯನ್ನು ಲಿಖಿತವಾಗಿ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಸಲ್ಲಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಡೊಂಬಿವಲಿ